ಓಕ್ ಮರದ ಬೇರು ಮತ್ತು ಮೊಬೈಲ್ ಜಾಲ

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಷೈರ್ ಪ್ರಾಂತದ ಷೇರ್‌ವುಡ್ ಕಾಡು, ಉಳ್ಳವರಿಂದ ಕಿತ್ತು ಬಡವರಿಗೆ ಹಂಚಿದನೆಂಬ ಕಥಾನಾಯಕ ರಾಬಿನ್ ಹುಡ್‌ನಿಂದ ಹೆಸರಾದದ್ದು. ಪ್ರತಿವರ್ಷ ಲಕ್ಷಾಂತರ ಜನ ಇಲ್ಲಿಗೆ ಬರುತ್ತಾರೆ. ಸುತ್ತಲಿನ ಹಳ್ಳಿಗಳಿಗೆ ಇದರಿಂದ ಆದಾಯವುಂಟು. ಆದರೆ ಜನ ನೋಡಬಂದ ಮರಗಳಿಗೆ ಅವರ ಕಾಲ್ತುಳಿತವೇ ಕೇಡಾಗಿದೆ.

ಇದಕ್ಕೆ ಮುಖ್ಯ ಸಾಕ್ಷಿ 'ಮೇಜರ್ ಓಕ್' ಎಂಬ ಪುರಾತನ ಮರ. 1790ರಲ್ಲಿ ಇದನ್ನು ವರ್ಣಿಸಿ ಬರೆದ ಮೇಜರ್ ಹೇಮನ್ ರೂಕ್ ಎಂಬುವರಿಂದ ಈ ಹೆಸರು ಬಂದಿತು. ಕಾಂಡದ ಸುತ್ತಳತೆ ಸುಮಾರು 10 ಮೀಟರಿಗೂ ಹೆಚ್ಚು. ವಯಸ್ಸನ್ನು ಕೆಲವರು 800 ವರ್ಷವೆಂದೂ ಕೆಲವರು ಸಾವಿರ ದಾಟಿದೆಯೆಂದೂ ಅಂದಾಜು ಮಾಡಿದ್ದಾರೆ. ಟೊಳ್ಳಾದ ಕಾಂಡದೊಳಗೆ ಜನ ಇಣುಕುತ್ತಿದ್ದರು, ಬುಡದ ಸುತ್ತ ತಿರುಗಾಡುತ್ತಿದ್ದರು. ಕೊನೆಗೆ 1970ರ ದಶಕದಲ್ಲಿ ಬೇಲಿ ಹಾಕಬೇಕಾಯಿತು.

ತುಳಿದ ಮಣ್ಣಿಗೆ ಆಗುವುದೇನು?

ಗಾಡಿಜಾಡಿನಲ್ಲಿ ಬಿತ್ತಿದ ಬೀಜ ಸರಿಯಾಗಿ ಏಳುವುದಿಲ್ಲವೆಂಬುದು ರೈತರಿಗೆ ತಿಳಿದ ಮಾತೇ. ಕಾಡಿನಲ್ಲಿ ನಡೆಯುವುದೂ ಅದೇ. ಮಣ್ಣಿನ ಕಣಗಳ ನಡುವೆ ಇರುವ ರಂಧ್ರಗಳಲ್ಲಿ ಗಾಳಿ ಮತ್ತು ನೀರು ನಿಲ್ಲುತ್ತವೆ. ತುಳಿತದಿಂದ ಮೊದಲು ಕುಸಿಯುವುದು ದೊಡ್ಡ ರಂಧ್ರಗಳು. ಆಗ ಮಳೆನೀರು ಇಂಗದೆ ಹರಿದುಹೋಗುತ್ತದೆ. ಬೇರುಗಳಿಗೆ ಉಸಿರಾಟಕ್ಕೆ ಗಾಳಿ ಸಾಲದು. ಎರೆಹುಳು ಹಾಗೂ ಬೇರಿಗೆ ನೆರವಾಗುವ ಶಿಲೀಂಧ್ರಗಳು ಕಡಿಮೆಯಾಗುತ್ತವೆ. ಮರಗಳ ಆಹಾರ ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ 60 ಸೆಂ.ಮೀ. ಮಣ್ಣಿನಲ್ಲೇ ಇರುವುದರಿಂದ ಹಾನಿ ನೇರವಾಗಿ ಅವಕ್ಕೇ ತಟ್ಟುತ್ತದೆ. ಷೇರ್‌ವುಡ್ ಮರಳುಗಲ್ಲಿನ ಮೇಲಿನ ಮರಳು ಮಿಶ್ರಿತ ನೆಲ. ಇಂಥ ಮಣ್ಣು ಗಟ್ಟಿಯಾಗದೆಂಬ ನಂಬಿಕೆ ತಪ್ಪು. ಹೊಲವನ್ನಾದರೆ ಮತ್ತೆ ಉಳಬಹುದು. ಮರದ ಬುಡವನ್ನು ಉಳುವಂತಿಲ್ಲ! ಒಮ್ಮೆ ಆಳದವರೆಗೆ ಬಿಗಿದ ಮಣ್ಣು ಬೇಲಿ ಹಾಕಿದ ಮೇಲೂ ದಶಕಗಳ ಕಾಲ ಹಾಗೆಯೇ ಉಳಿಯಬಲ್ಲದು.

ಐದನೇ ತಲೆಮಾರಿನ ಜಾಲ

2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಸರ್ಕಾರ ಗ್ರಾಮಾಂತರ 5ಜಿ ಪ್ರಯೋಗಗಳಿಗೆ ನೆರವು ಘೋಷಿಸಿತು. ಅವುಗಳಲ್ಲಿ ಷೇರ್‌ವುಡ್ಡಿನ 'ಸಂಪರ್ಕಿತ ಕಾಡು' ಯೋಜನೆಯೂ ಒಂದು. ಮೊಬೈಲ್ ಪರದೆಯ ಮೂಲಕ ರಾಬಿನ್ ಹುಡ್‌ನ ಕಥೆಯನ್ನು ಕಾಡಿನ ದೃಶ್ಯದೊಂದಿಗೆ ಬೆರೆಸಿ ಪ್ರವಾಸಿಗರಿಗೆ ತೋರಿಸುವುದು ಒಂದು ಉದ್ದೇಶ. ಯಂತ್ರಮಾನವ ಸಾಧನಗಳಿಂದ ಕಾಡಿನ ಆರೋಗ್ಯವನ್ನು ಆಗಿಂದಾಗ್ಗೆ ಗಮನಿಸುವುದು ಇನ್ನೊಂದು.

ಬೇಸಾಯ ವಿಜ್ಞಾನದ ದೃಷ್ಟಿಯಿಂದ ನನಗೆ ಮೊದಲನೆಯದೇ ಹೆಚ್ಚು ಮುಖ್ಯವೆನಿಸುತ್ತದೆ. ಕಥೆ ಎಲ್ಲಿ ನಡೆಯುತ್ತದೋ ಅಲ್ಲಿಗೆ ಜನ ಹೋಗುತ್ತಾರೆ. ಪರದೆಯ ಕಥೆಯನ್ನು ಹಳೆಯ ಮರಗಳಿಂದ ದೂರದಲ್ಲಿ, ಜಲ್ಲಿ ಹಾಕಿದ ದಾರಿಯ ಬದಿಯಲ್ಲಿ ನಡೆಸಿದರೆ ಕಾಲ್ನಡೆ ಅತ್ತ ತಿರುಗುತ್ತದೆ. ಅದೇ ಕಥೆಯನ್ನು ಮರದ ಬುಡದಲ್ಲೇ ನಡೆಸಿದರೆ ಜಾಲವೇ ಮರಕ್ಕೆ ಶತ್ರು.

ಎರಡನೆಯದರಲ್ಲಿ ತುಸು ವಿವೇಚನೆ ಬೇಕು. ಚಲಿಸುವ ಚಿತ್ರಗಳನ್ನು ಆ ಕ್ಷಣವೇ ಕಳಿಸಲು ವೇಗದ ಜಾಲ ಬೇಕೇಬೇಕು. ಆದರೆ ಮಣ್ಣಿನ ತೇವ ಅಳೆಯುವ ಕಡ್ಡಿ ಗಂಟೆಗೊಮ್ಮೆ ಕಳಿಸುವುದು ಒಂದೆರಡು ಅಂಕಿ ಮಾತ್ರ. ಅದಕ್ಕೆ ಕಡಿಮೆ ವೇಗದ, ಬ್ಯಾಟರಿಯನ್ನು ಹೆಚ್ಚು ತಿನ್ನದ ಜಾಲವೇ ಲೇಸು. ನೀರು ಸೇದಲು ಕೊಡ ಸಾಕಾದಲ್ಲಿ ಪಂಪು ಏಕೆ?

ಎಲೆಯ ಅಡ್ಡಿಯೂ ಉಂಟು. ಬ್ರಿಟನ್ನಿನಲ್ಲಿ 5ಜಿಗೆ ಹೆಚ್ಚಾಗಿ ಬಳಕೆಯಾಗುವ 3.4ರಿಂದ 3.8 ಗಿಗಾಹರ್ಟ್ಸ್ ತರಂಗಗಳನ್ನು ಎಲೆಗಳು ಚದುರಿಸುತ್ತವೆ, ಎಲೆಯಲ್ಲಿನ ನೀರು ಹೀರಿಕೊಳ್ಳುತ್ತದೆ. ಮಳೆಯಲ್ಲಿ ನೆನೆದ ಎಲೆಗಳಿಂದ ನಷ್ಟ ಇನ್ನೂ ಹೆಚ್ಚು. ಓಕ್ ಎಲೆ ಉದುರುವ ಜಾತಿ. ಆದುದರಿಂದ ಚಳಿಗಾಲದಲ್ಲಿ ಪರೀಕ್ಷಿಸಿ ಜಾಲ ಚೆನ್ನಾಗಿದೆಯೆಂದು ನಂಬಿದರೆ, ಜನ ತುಂಬುವ ಬೇಸಿಗೆಯಲ್ಲಿ ಕೈಕೊಡಬಹುದು. ತುಂಬು ಎಲೆಯ ಕಾಲದಲ್ಲೇ ಪರೀಕ್ಷಿಸತಕ್ಕದ್ದು.

ಭಾರತದಲ್ಲಿ 5ಜಿ ಸೇವೆ 2022ರ ಅಕ್ಟೋಬರ್ 1ರಂದು ಆರಂಭವಾಯಿತು. ಮಲೆನಾಡು, ಕೊಡಗುಗಳಲ್ಲಿ ಹೋಂಸ್ಟೇ ನಡೆಸುವ ಬೆಳೆಗಾರರು ಗೋಪುರಕ್ಕೋ ಕೇಬಲ್ಲಿಗೋ ಜಾಗ ಕೊಡುವ ಮುನ್ನ ಕಾಲುವೆ ಎಲ್ಲಿ ಹಾಯುತ್ತದೆಂದು ಕೇಳಿ ತಿಳಿಯಬೇಕು. ಮುದಿಮರಗಳ ಬಳಿ ಕಾಂಡದ ವ್ಯಾಸದ 15 ಪಟ್ಟು ದೂರ, ಇಲ್ಲವೆ ರೆಂಬೆಗಳ ಅಂಚಿನಿಂದ ಆಚೆ 5 ಮೀಟರ್, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ನೆಲವನ್ನು ಮುಟ್ಟಬಾರದೆಂಬುದು ಇಂಗ್ಲೆಂಡಿನಲ್ಲಿ ಪಾಲಿಸುವ ಅಳತೆ. ಒಂದು ಮೀಟರ್ ವ್ಯಾಸದ ಮರಕ್ಕೆ ಕನಿಷ್ಠ 15 ಮೀಟರ್ ಎಂದಾಯಿತು. ಈಗಾಗಲೇ ತುಳಿದು ಗಟ್ಟಿಯಾದ ಕಡೆ ಓಡಾಟ ನಿಲ್ಲಿಸಿ, ಮರದ ಚಕ್ಕೆ ಅಥವಾ ತರಗೆಲೆಗಳನ್ನು 5ರಿಂದ 10 ಸೆಂ.ಮೀ. ದಪ್ಪ ಹೊದಿಸಿರಿ. ಹೊದಿಕೆ ಕಾಂಡಕ್ಕೆ ತಾಗದಿರಲಿ. ತಾಗಿದರೆ ತೊಗಟೆ ಕೊಳೆಯುತ್ತದೆ.