ಸಿ.ಡಿ. ಯಂತ್ರದೊಳಗೆ ಸಿಕ್ಕಿಕೊಂಡ ಅಕ್ಕನ ಧ್ವನಿ

ಕಳೆದ ಬೇಸಿಗೆಯ ಒಂದು ಭಾನುವಾರ ವಿಜಯನಗರದಿಂದ ಕೆಂಗೇರಿಗೆ, ಬಂಧುಗಳ ಮನೆಯ ನಾಮಕರಣಕ್ಕೆಂದು ಹೊರಟಿದ್ದೆವು. ಕಾರು ನನ್ನ ಸೋದರಳಿಯನದು. 2011ರಲ್ಲಿ ಕೊಂಡದ್ದು, ಸಿ.ಡಿ. ಯಂತ್ರವು ಕಾರ್ಖಾನೆಯಲ್ಲಿಯೇ ಜೋಡಣೆಗೊಂಡು ಬಂದದ್ದು. ಮೈಸೂರು ರಸ್ತೆಯ ಸಂದಣಿಯಲ್ಲಿ ನಿಂತಿದ್ದಾಗ ಅವನು ಒಂದು ಸಿ.ಡಿ.ಯನ್ನು ಯಂತ್ರದ ಬಾಯಿಗೆ ಕೊಟ್ಟ. ಅದು ಅರ್ಧ ಒಳಸರಿದು, ತಡೆದು ನಿಂತು, ಮತ್ತೆ ಪೂರ್ಣವಾಗಿ ಒಳಹೊಕ್ಕು, ಕರಕರನೆ ಸದ್ದು ಮಾಡಿ ಮೌನವಾಯಿತು. ಫಲಕದ ಮೇಲೆ ‘ಎರರ್’ ಎಂಬ ಅಕ್ಷರಗಳು ಮೂಡಿದವು. ಹೊರದೂಡುವ ಗುಂಡಿಯನ್ನು ಎಷ್ಟು ಒತ್ತಿದರೂ ಫಲ ದೊರೆಯಲಿಲ್ಲ.

ಅಂಗಡಿಯಲ್ಲಿ ಕೊಂಡ ಸಿ.ಡಿ.ಯಾಗಿದ್ದರೆ ಈ ವಿಷಯವನ್ನು ಓದುಗ ಬಂಧುಗಳ ಮುಂದಿಡುವ ಪ್ರಸಂಗವೇ ಒದಗುತ್ತಿರಲಿಲ್ಲ. 2007ರಲ್ಲಿ ಅವರ ಮನೆಯ ಗೃಹಪ್ರವೇಶದ ದಿನ ನನ್ನ ಅಕ್ಕ, ಎಂದರೆ ಅವನ ತಾಯಿ, ಹಾಡಿದ ವಚನಗಳು ಅದರಲ್ಲಿದ್ದವು. ವಿಡಿಯೋ ತೆಗೆದ ಹುಡುಗ ಧ್ವನಿಯನ್ನಷ್ಟೇ ಬೇರ್ಪಡಿಸಿ ಬರೆದುಕೊಟ್ಟದ್ದು. ಅಕ್ಕ 2018ರಲ್ಲಿ ಲಿಂಗೈಕ್ಯರಾದರು. ಇನ್ನೊಂದು ಪ್ರತಿಯನ್ನು ಮಾಡಿಸಿಡಬೇಕೆಂದು ನಾವೆಲ್ಲರೂ ಹೇಳುತ್ತಲೇ ಇದ್ದೆವು, ಯಾರೊಬ್ಬರೂ ಮಾಡಿಸಿರಲಿಲ್ಲ. “ಮಾವ, ಅಮ್ಮ ಒಳಗೇ ಉಳಿದುಬಿಟ್ಟರಲ್ಲ” ಎಂದ ಅಳಿಯ. ಕೆಂಗೇರಿ ತಲಪುವವರೆಗೂ ಕಾರಿನಲ್ಲಿ ಮತ್ತೆ ಮಾತಿಲ್ಲ.

ಮರುದಿನ ಜೆ.ಸಿ. ರಸ್ತೆಯಲ್ಲಿ ಕಾರಿನ ಸಾಮಗ್ರಿ ಮಾರುವ ಒಂದು ಅಂಗಡಿಗೆ ಹೋದೆವು. ಅಲ್ಲಿಯ ಯುವಕ ಯಂತ್ರವನ್ನು ನೋಡಿದ್ದೂ ಇಲ್ಲ. “ಇದನ್ನೆಲ್ಲ ಈಗ ಯಾರು ಸಾರ್ ರಿಪೇರಿ ಮಾಡ್ತಾರೆ? ಕಿತ್ತು ಟಚ್ ಸ್ಕ್ರೀನ್ ಕೂರಿಸ್ತೀವಿ, ಒಂದು ಗಂಟೆ ಕೆಲಸ” ಎಂದ. ಒಳಗಿರುವ ಸಿ.ಡಿ.ಯ ಗತಿಯೇನೆಂದು ಕೇಳಿದರೆ, “ಒಡೆದು ತೆಗೀಬೇಕು, ಗ್ಯಾರಂಟಿ ಇಲ್ಲ” ಎಂಬ ಉತ್ತರ. ಅವನ ವ್ಯಾಪಾರದ ದೃಷ್ಟಿಯಿಂದ ಅದು ತಪ್ಪಲ್ಲವೆಂದು ಒಪ್ಪುತ್ತೇನೆ. ಆದರೂ ರೋಗವಾವುದೆಂದು ತಿಳಿಯದೆ ಅಂಗವನ್ನೇ ಕತ್ತರಿಸುವ ವೈದ್ಯ ನನಗೆ ರುಚಿಸಲಿಲ್ಲ.

ಕೊನೆಗೆ ನಮಗೆ ನೆರವಾದವರು ರಾಜಾಜಿನಗರದ ಒಂದು ಅಡ್ಡರಸ್ತೆಯಲ್ಲಿ, ಟೇಪ್ ರೆಕಾರ್ಡರುಗಳ ಕಾಲದಿಂದಲೂ ದುರಸ್ತಿಯ ಕಾಯಕ ನಡೆಸಿಕೊಂಡು ಬಂದಿರುವ ಹಿರಿಯರೊಬ್ಬರು. ಯಂತ್ರವನ್ನು ಮುಟ್ಟುವ ಮೊದಲೇ ಅವರು ಕೇಳಿದ ಪ್ರಶ್ನೆ ಇದು: “ಸ್ವಾಮಿ, ಕಾರಿನ ಪುಸ್ತಕದೊಳಗೆ ರೇಡಿಯೋದ ಕೋಡ್ ಚೀಟಿ ಇದೆಯೇ ನೋಡಿ.” ಕಾರ್ಖಾನೆಯಿಂದ ಬಂದ ಎಷ್ಟೋ ಯಂತ್ರಗಳು ವಿದ್ಯುತ್ ಸಂಪರ್ಕ ತಪ್ಪಿದೊಡನೆ, ಕಳವಾಗಿದೆಯೆಂದು ಭಾವಿಸಿ, ತಾವಾಗಿ ಬೀಗ ಹಾಕಿಕೊಳ್ಳುತ್ತವೆ. ಆ ಸಂಖ್ಯೆಯನ್ನು ಒತ್ತದೆ ಮತ್ತೆ ಬಾಯಿ ಬಿಡುವುದಿಲ್ಲ. ನಮ್ಮ ಪುಣ್ಯ, ಚೀಟಿ ಪುಸ್ತಕದಲ್ಲಿಯೇ ಇತ್ತು.

ವಿದ್ವತ್ಸಭೆಗಳಲ್ಲಿ ಇದನ್ನು ಅಡಕಮುದ್ರಿಕೆ ಎಂದು ಕರೆದದ್ದುಂಟು. ಮನೆಯಲ್ಲಿ ಹಾಗೆ ಕರೆದವರನ್ನು ನಾನು ಕಾಣೆ. ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ಕೂಡಿ ರೂಪಿಸಿದ ಇದು 1982ರಲ್ಲಿ ಮಾರುಕಟ್ಟೆಗೆ ಬಂದಿತು. ಎರಡೇ ವರ್ಷಗಳಲ್ಲಿ ಕಾರನ್ನೂ ಏರಿತು. 120 ಮಿ.ಮೀ. ಅಗಲ, 1.2 ಮಿ.ಮೀ. ದಪ್ಪದ ಈ ತಟ್ಟೆಯಲ್ಲಿ 5 ಕಿ.ಮೀ.ಗೂ ಮಿಕ್ಕಿದ ಸುರುಳಿದಾರಿ ಅಡಗಿದೆ. ಓದುವ ಕ್ರಮ ನಡುವಿನಿಂದ ಅಂಚಿಗೆ. ಮೊದಲಿಗೆ ನಿಮಿಷಕ್ಕೆ ಸುಮಾರು 500 ಸುತ್ತು, ಅಂಚಿಗೆ ಬರುವಾಗ 200 ಸುತ್ತು. ಕೆಳಗಿನಿಂದ ಲೇಸರ್ ಕಿರಣವೊಂದು ಪುಟ್ಟ ಮಸೂರದ ಮೂಲಕ ಹಾಯ್ದು, ಪ್ರತಿಫಲಿಸಿ ಬಂದ ಬೆಳಕನ್ನು ನಾದವಾಗಿಸುತ್ತದೆ. ಮಾಗಡಿ ರಸ್ತೆಯ ಧೂಳಿನ ಒಂದು ತೆಳುಪೊರೆ ಆ ಮಸೂರದ ಮೇಲೆ ಕುಳಿತರೆ ಸಾಕು, ಯಂತ್ರ ‘ಎರರ್’ ಎನ್ನುತ್ತದೆ. ಕಾರಿನ ಯಂತ್ರಕ್ಕೆ ಇನ್ನೊಂದು ದುರ್ಬಲ ಸ್ಥಳವೂ ಇದೆ: ತಟ್ಟೆಯನ್ನು ಒಳಗೆಳೆದುಕೊಳ್ಳುವ ರಬ್ಬರ್ ಉರುಳೆ. ವರ್ಷಗಳ ಬಿಸಿಲಿಗೆ ಅದು ಗಟ್ಟಿಯಾಗಿ ನುಣುಪಾದರೆ ಹಿಡಿತ ತಪ್ಪುತ್ತದೆ. ಇವೆರಡೂ ಶುಚಿಗೊಳಿಸುವುದರಿಂದ ಅನೇಕ ಬಾರಿ ಸರಿಹೋಗುವ ದೋಷಗಳು.

ಹಿರಿಯರು ಯಂತ್ರವನ್ನು ಹೊರತೆಗೆದು ಮೇಲಿನ ಕವಚ ಬಿಚ್ಚಿದರು. ಒಳಗೆ ಕಂಡದ್ದು ಧೂಳಲ್ಲ. ಸಿ.ಡಿ.ಯ ಬೆನ್ನಿಗೆ ನಾವೇ ಅಂಟಿಸಿದ್ದ ಕಾಗದ! ಅಕ್ಕನ ಹೆಸರನ್ನೂ ಗೃಹಪ್ರವೇಶದ ದಿನಾಂಕವನ್ನೂ ದುಂಡಗೆ ಬರೆದು, ಎಂದೂ ಕಳೆದುಹೋಗಬಾರದೆಂದು ಅಂಟಿಸಿದವನು ನಾನೇ. ಬಿಸಿಲಲ್ಲಿ ನಿಂತ ಕಾರಿನೊಳಗೆ ಅಂಟು ಸಡಿಲಗೊಂಡು, ಕಾಗದದ ಅಂಚು ಎದ್ದು ಸಿಕ್ಕಿಹಾಕಿಕೊಂಡಿತ್ತು. ಅಂಗಡಿಯ ಹುಡುಗನನ್ನು ಮನಸ್ಸಿನಲ್ಲೇ ಬೈದುಕೊಂಡು ಬಂದಿದ್ದ ನನಗೆ ತಲೆ ಎತ್ತಲಾಗಲಿಲ್ಲ.

ಉರುಳೆಯನ್ನು ಬೆರಳಿನಿಂದ ಹಿಮ್ಮುಖವಾಗಿ ತಿರುಗಿಸುತ್ತ ಅವರು ತಟ್ಟೆಯನ್ನು ಕೂದಲೆಳೆಯಷ್ಟಾಗಿ ಹೊರತಂದರು. ಅಳಿಯ ಆತುರದಿಂದ ಕಾಗದವನ್ನು ಸುಲಿಯಹೋದಾಗ ಅವರು ಅವನ ಕೈಯನ್ನೇ ಹಿಡಿದುಕೊಂಡರು. ನಾವು ಹೊಳೆಯುವ ಮುಖವನ್ನು ಜೋಪಾನ ಮಾಡುತ್ತೇವೆ. ಆದರೆ ಆ ಕಡೆ ದಪ್ಪ ಪ್ಲಾಸ್ಟಿಕ್ಕಿನ ರಕ್ಷಣೆಯಿದೆ. ಧ್ವನಿಯನ್ನು ಹೊತ್ತ ಪದರವು ಇರುವುದು ಹೆಸರು ಬರೆಯುವ ಬೆನ್ನಿನ ಕಡೆ, ತೆಳುವಾದ ಮೆರುಗೆಣ್ಣೆಯ ಅಡಿಯಲ್ಲಿ. ಕಾಗದವನ್ನು ಎಳೆದರೆ ಧ್ವನಿಯೂ ಅದರೊಡನೆ ಸುಲಿದು ಬರುತ್ತದೆ. ಎದ್ದಿದ್ದ ಅಂಚನ್ನಷ್ಟೇ ಕತ್ತರಿಯಿಂದ ಸವರಿ, ಉಳಿದುದನ್ನು ಹಾಗೆಯೇ ಬಿಟ್ಟರು. “ಇದನ್ನು ಇನ್ನು ಕಾರಿಗೆ ಹಾಕಬೇಡಿ. ಕಂಪ್ಯೂಟರಿನ ತಟ್ಟೆಯಲ್ಲಿಟ್ಟು, ನಿಧಾನದ ವೇಗದಲ್ಲಿ ನಕಲು ಮಾಡಿಕೊಳ್ಳಿ” ಎಂದು ಎಚ್ಚರಿಸಿದರು.

ಆಮೇಲೆ ಮಸೂರವನ್ನು ಒರೆಸಿ, ಉರುಳೆಯನ್ನು ಶುಚಿಗೊಳಿಸಿ, ಪರೀಕ್ಷೆ ನಡೆಯಿತು. ಅಂಗಡಿಯಲ್ಲಿ ಕೊಂಡ ಅಚ್ಚಿನ ಸಿ.ಡಿ. ನಿರಾತಂಕವಾಗಿ ಹಾಡಿತು, ಮನೆಯಲ್ಲಿ ಬರೆದ ಬೇರೊಂದನ್ನು ಹಾಕಿದರೆ ತಡವರಿಸಿತು. ಬರೆದ ಸಿ.ಡಿ. ಅಚ್ಚಿನದಕ್ಕಿಂತ ಬೆಳಕನ್ನು ಕಡಿಮೆ ಹಿಂದಿರುಗಿಸುತ್ತದೆಯಂತೆ. ಲೇಸರಿಗೆ ವಯಸ್ಸಾದಾಗ ಆ ವ್ಯತ್ಯಾಸ ಹೊರಬೀಳುತ್ತದೆ.

ಹಾಗಾದರೆ ಯಂತ್ರವನ್ನು ಬದಲಿಸಬೇಕೇ? ಈ ಪ್ರಶ್ನೆಗೆ ಅವರು ಕಾರಿನ ಮುಂಫಲಕದಲ್ಲಿದ್ದ ಪುಟ್ಟ ತೂತೊಂದನ್ನು ತೋರಿಸಿದರು. ಆಕ್ಸ್ ಎಂದು ಬರೆದಿತ್ತು. ಇಷ್ಟು ವರ್ಷ ನಾವು ಅದನ್ನು ಕಂಡೇ ಇರಲಿಲ್ಲ. ಒಂದು ತಂತಿಯಿಂದ ಫೋನನ್ನು ಅದಕ್ಕೆ ಸೇರಿಸಿದರೆ ಹಳೆಯ ಯಂತ್ರವೇ ಹಾಡುತ್ತದೆ. ಆ ಸೌಲಭ್ಯವಿಲ್ಲದವರು, ಅಥವಾ ಲೇಸರ್ ಪೂರ್ಣ ಸೋತವರು ಬದಲಿಸಲೇಬೇಕಾದೀತು. ಆಗ ಅಳತೆಯನ್ನು ನೋಡಿಕೊಳ್ಳುವುದು ಮೊದಲ ಕೆಲಸ. ಮಾನಕ ಕಂಡಿ 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ, ಜೋಡಿ ಕಂಡಿಯಾದರೆ 100 ಮಿ.ಮೀ. ಎತ್ತರ. ಕಾರ್ಖಾನೆಯ ಯಂತ್ರ ಬೇರೆಯೇ ಆಕಾರದ್ದಾಗಿದ್ದರೆ ಆ ಕಾರಿಗೆ ಹೊಂದುವ ಚೌಕಟ್ಟನ್ನೂ ಕೊಳ್ಳಬೇಕು. ಕಾರಿನ ಮೂಲ ತಂತಿಗಳನ್ನು ಮಾತ್ರ ಕತ್ತರಿಸಗೊಡಬಾರದು. ಆ ಮಾದರಿಗೆ ಹೊಂದುವ ಜೋಡಣೆಯ ಕಪ್ಲರನ್ನೇ ಕೇಳಿ ಪಡೆಯಬೇಕು. ಕತ್ತರಿಸಿ ಟೇಪು ಸುತ್ತಿದ ತಂತಿಗಳು ಮುಂದೆ ಸಡಿಲಗೊಂಡು ಕಿಡಿ ಕಾರಿದರೆ ಹಾಡಿನ ಜೊತೆ ಕಾರಿಗೂ ಅಪಾಯ. ಸ್ಟಿಯರಿಂಗಿನ ಮೇಲಿನ ಗುಂಡಿಗಳು ಹೊಸ ಯಂತ್ರಕ್ಕೂ ಕೆಲಸ ಮಾಡುವುವೇ ಎಂಬುದನ್ನು ಹಣ ಕೊಡುವ ಮೊದಲೇ ಕೇಳಬೇಕು. ಕಿತ್ತ ಹಳೆಯ ಯಂತ್ರವನ್ನು ಮನೆಗೆ ತರುವುದೂ ಒಳ್ಳೆಯದು. ಕವಚ ತೆಗೆದ ಯಂತ್ರಕ್ಕೆ ವಿದ್ಯುತ್ ಕೊಟ್ಟು ಮಕ್ಕಳು ಒಳಗೆ ಇಣುಕದಂತೆ ನೋಡಿಕೊಳ್ಳಬೇಕು. ಲೇಸರ್ ಕಣ್ಣಿಗೆ ಹಾನಿಕರ, ಇದರ ಕಿರಣವಂತೂ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ.

ಹಿರಿಯರು ತೆಗೆದುಕೊಂಡದ್ದು 600 ರೂಪಾಯಿ.

ಅದೇ ರಾತ್ರಿ ಬಸವೇಶ್ವರನಗರದ ನಮ್ಮ ಮನೆಯಲ್ಲಿ ಮೊಮ್ಮಗಳು ನಕಲು ಮಾಡಿದಳು. ಕೊನೆಯ ವಚನದಲ್ಲಿ ಎರಡು ಕಡೆ ಧ್ವನಿ ಒಡೆದಿದೆ, ಉಳಿದುದೆಲ್ಲ ದಕ್ಕಿದೆ. ಈಗ ಅದು ಮೂರು ಮನೆಗಳಲ್ಲಿದೆ. ಸಿ.ಡಿ.ಯನ್ನು ಅಳಿಯ ಬೀರುವಿನಲ್ಲಿ ತಾಯಿಯ ರುದ್ರಾಕ್ಷಿಯ ಪಕ್ಕದಲ್ಲಿಟ್ಟಿದ್ದಾನೆ; ಅಂಚು ಸವೆದ ಆ ಕಾಗದ ಅದರ ಮೇಲೆ ಹಾಗೆಯೇ ಇದೆ. ನಾವು ಯಾರೂ ಮೊದಲು ಗಮನಿಸದಿದ್ದ ಒಂದು ಸಂಗತಿಯೂ ನಕಲಿನಲ್ಲಿ ಕೇಳಿಸಿತು. ಮೂರನೆಯ ವಚನ ಮುಗಿದ ಮೇಲೆ, ಅಡಿಗೆಮನೆಯ ಪಾತ್ರೆಗಳ ಸದ್ದಿನ ನಡುವೆ, ಅಕ್ಕ ಯಾರಿಗೋ ಹೇಳುತ್ತಾಳೆ: “ಇನ್ನೊಂದು ಹಾಡಿಬಿಡ್ತೀನಿ, ಆಮೇಲೆ ಎಲೆ ಹಾಕಿ.”