ಕೆಲಸ ಮುಗಿದರೂ ಉಳಿದುಹೋಗುವ ಕಡತಗಳು

ಕಂಪ್ಯೂಟರಿನ ಬಹುಪಾಲು ಕೆಲಸಗಳು ಒಂದೇ ಹಂತದಲ್ಲಿ ಮುಗಿಯುವಂಥವಲ್ಲ. ಪತ್ರವೊಂದನ್ನು ತಿದ್ದುವಾಗಲಾಗಲಿ, ಹೊಸ ತಂತ್ರಾಂಶವನ್ನು ಅಳವಡಿಸುವಾಗಲಾಗಲಿ, ದೊಡ್ಡ ವಿಡಿಯೊ ಒಂದನ್ನು ಬೇರೆ ರೂಪಕ್ಕೆ ಬದಲಿಸುವಾಗಲಾಗಲಿ ನಡುಹಂತದ ಮಾಹಿತಿಯನ್ನು ಎಲ್ಲಾದರೂ ಇರಿಸಿಕೊಳ್ಳಬೇಕಾಗುತ್ತದೆ. ಹೀಗೆ ತಂತ್ರಾಂಶವು ತನ್ನ ಅನುಕೂಲಕ್ಕೆಂದು ತಾನೇ ಸೃಷ್ಟಿಸಿಕೊಂಡು, ಕೆಲಸ ತೀರಿದ ಮೇಲೆ ತಾನೇ ಅಳಿಸಬೇಕಾದ ಫೈಲುಗಳನ್ನು ತಾತ್ಕಾಲಿಕ ಕಡತಗಳು ಎನ್ನುತ್ತಾರೆ. ತಾರಸಿ ಹಾಕುವಾಗ ಕೆಳಗೆ ಹೊಡೆಯುವ ಸೆಂಟ್ರಿಂಗ್ ಕಾಂಕ್ರೀಟು ಗಟ್ಟಿಯಾಗುವವರೆಗೆ ಎಷ್ಟು ಅಗತ್ಯವೋ, ಗಟ್ಟಿಯಾದ ಮೇಲೆ ಅಷ್ಟೇ ಅನಗತ್ಯ. ಈ ಕಡತಗಳ ಸ್ಥಿತಿಯೂ ಅದೇ. ಆದ್ದರಿಂದ ಇವನ್ನೆಲ್ಲ ಒಟ್ಟಾಗಿ ಕಸವೆಂದು ಭಾವಿಸಿ ಗುಡಿಸಿಹಾಕುವುದು ಸರಿಯಲ್ಲ. ಒಂದು ಕಡತವನ್ನು ಸೃಷ್ಟಿಸಿದ ತಂತ್ರಾಂಶದ ಕೆಲಸ ಮುಗಿದಿದೆಯೇ ಎಂಬುದೊಂದೇ ಅದನ್ನು ಅಳಿಸಬಹುದೇ ಎಂಬುದನ್ನು ನಿರ್ಧರಿಸುತ್ತದೆ. ಅದರ ಗಾತ್ರವಾಗಲಿ, ವಿಚಿತ್ರವಾದ ಹೆಸರಾಗಲಿ ಅಲ್ಲ.

ವಿಂಡೋಸ್ ಕಂಪ್ಯೂಟರುಗಳಲ್ಲಿ ಪ್ರತಿಯೊಬ್ಬ ಬಳಕೆದಾರರಿಗೂ ಟೆಂಪ್ ಎಂಬ ಪ್ರತ್ಯೇಕ ಫೋಲ್ಡರ್ ಇರುತ್ತದೆ. ಇದು ಸಾಮಾನ್ಯವಾಗಿ ಕಣ್ಣಿಗೆ ಬೀಳದಂತೆ ಮರೆಮಾಡಿರುವ ಆಪ್‌ಡೇಟಾ ಫೋಲ್ಡರಿನ ಒಳಗಿದ್ದು, ವ್ಯವಸ್ಥೆಯ ಸ್ವಂತ ಬಳಕೆಗೆ ಅದೇ ಹೆಸರಿನ ಇನ್ನೊಂದು ಫೋಲ್ಡರ್ ವಿಂಡೋಸ್ ಫೋಲ್ಡರಿನಲ್ಲಿದೆ. ವಿಂಡೋಸ್ ಕೀಲಿಯನ್ನೂ ಆರ್ ಕೀಲಿಯನ್ನೂ ಒಟ್ಟಿಗೆ ಒತ್ತಿ, ತೆರೆಯುವ ಚೌಕದಲ್ಲಿ ಎರಡು ಶೇಕಡಾ ಚಿಹ್ನೆಗಳ ನಡುವೆ ಟೆಂಪ್ ಎಂದು ಇಂಗ್ಲಿಷಿನಲ್ಲಿ ಬರೆದರೆ ಮೊದಲನೆಯದು ತೆರೆದುಕೊಳ್ಳುತ್ತದೆ. ಕಂಪ್ಯೂಟರನ್ನು ಆರಿಸಿದೊಡನೆ ಈ ಫೋಲ್ಡರ್ ಖಾಲಿಯಾಗುತ್ತದೆಂದು ಹಲವರು ನಂಬಿದ್ದಾರೆ; ವಾಸ್ತವದಲ್ಲಿ ಹಾಗಾಗುವುದಿಲ್ಲ. ಲಿನಕ್ಸಿನ ಹಲವು ಆವೃತ್ತಿಗಳು, 2025ರಲ್ಲಿ ಬಿಡುಗಡೆಯಾದ ಡೆಬಿಯನ್ 13 ಸೇರಿದಂತೆ, ತಾತ್ಕಾಲಿಕ ಕಡತಗಳ ಮುಖ್ಯ ಸ್ಥಳವನ್ನು ಡಿಸ್ಕಿನಲ್ಲಿ ಇಡದೆ ಕೆಲಸದ ಸ್ಮೃತಿಯಾದ ರ‍್ಯಾಮ್‌ನಲ್ಲಿ ಇಡುವುದರಿಂದ ಅಲ್ಲಿರುವುದೆಲ್ಲ ಕಂಪ್ಯೂಟರ್ ಆರಿದೊಡನೆ ತಾನಾಗಿ ಇಲ್ಲವಾಗುತ್ತದೆ. ವಿಂಡೋಸಿನಲ್ಲಿ ಅಳಿಸುವ ಹೊಣೆ ಮೂಲತಃ ತಂತ್ರಾಂಶದ್ದೇ ಆಗಿರುವುದರಿಂದ, ನಡುವೆ ಕರೆಂಟು ಹೋದರೆ, ತಂತ್ರಾಂಶ ಕುಸಿದರೆ, ಅಥವಾ ಅದನ್ನು ಬರೆದವರು ಅಳಿಸುವ ಸೂಚನೆ ಕೊಡುವುದನ್ನೇ ಮರೆತಿದ್ದರೆ ಕಡತವು ವರ್ಷಗಟ್ಟಲೆ ಅಲ್ಲೇ ಉಳಿಯುತ್ತದೆ.

ಇದರಿಂದಾಗುವ ತೊಂದರೆ ಜಾಗದ ಕೊರತೆಯೊಂದೇ ಅಲ್ಲ. ಇಂಥ ಕಡತಕ್ಕೆ ಬೇರೆಲ್ಲೂ ಇಲ್ಲದ ಹೆಸರನ್ನು ಹುಡುಕಿಕೊಡಲು ವಿಂಡೋಸ್ ತಂತ್ರಾಂಶಗಳಿಗೆ ಒದಗಿಸುವ ಒಂದು ಹಳೆಯ ವಿಧಾನದಲ್ಲಿ, ಮೂರು ಅಕ್ಷರಗಳವರೆಗಿನ ಪೂರ್ವಪದಕ್ಕೆ 1ರಿಂದ 65,535ರವರೆಗಿನ ಒಂದು ಸಂಖ್ಯೆಯನ್ನು ಸೇರಿಸಿ ಹೆಸರು ಕಟ್ಟಲಾಗುತ್ತದೆ. ತಂತ್ರಾಂಶವೊಂದು ತನ್ನ ಹಳೆಯ ಕಡತಗಳನ್ನು ಅಳಿಸದೆ ಬಿಡುತ್ತ ಹೋಗಿ ಈ ಹೆಸರುಗಳೆಲ್ಲ ಮುಗಿದರೆ, ಡಿಸ್ಕಿನಲ್ಲಿ ನೂರಾರು ಗಿಗಾಬೈಟ್ ಖಾಲಿಯಿದ್ದರೂ ಅದಕ್ಕೆ ಹೊಸ ಕಡತ ಸಿಗದೆ ಕೆಲಸ ನಿಲ್ಲುತ್ತದೆ. ಕಾರಣ ತಿಳಿಯದ ಬಳಕೆದಾರರು ಇಂಥ ಸಂದರ್ಭದಲ್ಲಿ ತಂತ್ರಾಂಶವನ್ನೇ ತೆಗೆದು ಮತ್ತೆ ಹಾಕುತ್ತಾರೆ. ಟೆಂಪ್ ಫೋಲ್ಡರ್ ಹಾಗೆಯೇ ಉಳಿದಿರುವುದರಿಂದ ತೊಂದರೆಯೂ ಉಳಿಯುತ್ತದೆ.

ಅಳಿಸುವಾಗ, ಯಾವುದಾದರೂ ತಂತ್ರಾಂಶ ತೆರೆದಿಟ್ಟುಕೊಂಡಿರುವ ಕಡತವನ್ನು ವಿಂಡೋಸ್ ಸಾಮಾನ್ಯವಾಗಿ ಮುಟ್ಟಗೊಡುವುದಿಲ್ಲ. ಅಂಥ ಸೂಚನೆ ಬಂದರೆ ಆ ಕಡತವನ್ನು ಬಿಟ್ಟು ಮುಂದುವರಿಯುವುದೇ ಸರಿ. ಆದರೆ ಈ ರಕ್ಷಣೆ ಪೂರ್ಣವಲ್ಲ, ಏಕೆಂದರೆ ಅರ್ಧ ಅಳವಡಿಕೆಯಾಗಿ ಉಳಿದರ್ಧಕ್ಕೆ ಕಂಪ್ಯೂಟರಿನ ಮರುಚಾಲನೆಯನ್ನು ಕಾಯುತ್ತಿರುವ ತಂತ್ರಾಂಶವು ತನ್ನ ಕಡತಗಳನ್ನು ತೆರೆದಿಟ್ಟುಕೊಳ್ಳದೆಯೂ ಟೆಂಪ್‌ನಲ್ಲಿ ಇರಿಸಿರಬಹುದು. ಹಾಗಾಗಿ ಮೊದಲು ಕಂಪ್ಯೂಟರನ್ನು ಮರುಚಾಲನೆ ಮಾಡಿ, ಆ ಬಳಿಕ ಹಳೆಯ ಕಡತಗಳನ್ನಷ್ಟೇ ಅಳಿಸುವ ಕ್ರಮ ಸುರಕ್ಷಿತ. ವಿಂಡೋಸ್ 98ರ ಜೊತೆಗೆ ಬಂದ ಡಿಸ್ಕ್ ಕ್ಲೀನಪ್ ಎಂಬ ಸಾಧನವು ಒಂದು ವಾರದಿಂದ ಬಳಕೆಯಾಗದ ತಾತ್ಕಾಲಿಕ ಕಡತಗಳನ್ನು ಮಾತ್ರ ಆರಿಸಿಕೊಳ್ಳುತ್ತಿದ್ದುದು ಈ ವಿವೇಚನೆಯಿಂದಲೇ. 2017ರಿಂದ ವಿಂಡೋಸ್ 10ರಲ್ಲಿ ಇಂಥ ಕಡತಗಳನ್ನು ತಾನಾಗಿ ಅಳಿಸುವ ಸ್ಟೋರೇಜ್ ಸೆನ್ಸ್ ಎಂಬ ವ್ಯವಸ್ಥೆ ಸೇರಿದ್ದು, ಸೆಟ್ಟಿಂಗ್ಸ್‌ನ ಸ್ಟೋರೇಜ್ ವಿಭಾಗದಲ್ಲಿ ಅದನ್ನು ಚಾಲೂ ಮಾಡಿದರೆ ಮನೆಯ ಕಂಪ್ಯೂಟರಿಗೆ ಅಷ್ಟು ಸಾಕು.

ಹಾಗಿರುವಾಗ ಹೊರಗಿನ ಶುದ್ಧೀಕರಣ ತಂತ್ರಾಂಶಗಳ ಅಗತ್ಯ ಹೆಚ್ಚಿನವರಿಗಿಲ್ಲ. 2017ರ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಸಿಕ್ಲೀನರ್ ಎಂಬ ಜನಪ್ರಿಯ ಸಾಧನದ ಒಂದು ಆವೃತ್ತಿಯೊಳಗೆ ದಾಳಿಕೋರರು ದುರುದ್ದೇಶದ ಸಂಕೇತವನ್ನು ಸೇರಿಸಿದ್ದರು. ಅಧಿಕೃತ ತಾಣದಿಂದಲೇ ವಿತರಣೆಯಾದ ಆ ಆವೃತ್ತಿಯು 22 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳನ್ನು ತಲುಪಿತ್ತು. ಇಡೀ ಡಿಸ್ಕನ್ನು ಶೋಧಿಸುವ ಅಧಿಕಾರವನ್ನು ಇನ್ನೊಂದು ತಂತ್ರಾಂಶಕ್ಕೆ ಕೊಡುವ ಮೊದಲು ಇದನ್ನು ನೆನೆಯಬೇಕು.

ಸ್ಟೋರೇಜ್ ಪುಟದ ತಾತ್ಕಾಲಿಕ ಕಡತಗಳ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಫೋಲ್ಡರೂ ಒಂದು ಸಾಲಾಗಿ ಕಾಣಿಸಿಕೊಳ್ಳುವುದು ಮಾತ್ರ ವಿನ್ಯಾಸದ ದೊಡ್ಡ ದೋಷ; ಅಂಕಪಟ್ಟಿ, ವಿಮೆಯ ರಸೀದಿ, ಪಹಣಿಯ ಪ್ರತಿಗಳನ್ನು ಎಷ್ಟೋ ಮನೆಗಳಲ್ಲಿ ಅಲ್ಲಿಯೇ ಉಳಿಸಿಕೊಂಡಿರುವುದರಿಂದ ಆ ಸಾಲಿಗೆ ಗುರುತು ಹಾಕದೆ ಬಿಡಬೇಕು. ಇದಕ್ಕೆ ತಿರುವುಮುರುವಾದ ಅಪಾಯವೂ ಉಂಟು. ಇಮೇಲ್ ತಂತ್ರಾಂಶದಲ್ಲಿ ಬಂದ ಲಗತ್ತನ್ನು, ಅಥವಾ ಹಲವು ಕಡತಗಳನ್ನು ಕುಗ್ಗಿಸಿ ಒಂದಾಗಿಸಿದ ಜಿಪ್ ಕಟ್ಟಿನೊಳಗಿನ ದಾಖಲೆಯನ್ನು, ಬೇರೆಡೆ ಉಳಿಸಿಕೊಳ್ಳದೆ ನೇರವಾಗಿ ತೆರೆದಾಗ ತೆರೆದುಕೊಳ್ಳುವುದು ಬಹುಮಟ್ಟಿಗೆ ತಾತ್ಕಾಲಿಕ ಫೋಲ್ಡರಿನಲ್ಲಿರುವ ಪ್ರತಿ. ಗಂಟೆಗಟ್ಟಲೆ ಕುಳಿತು ಮಾಡಿದ ತಿದ್ದುಪಡಿಯೂ ಆ ಪ್ರತಿಯಲ್ಲೇ ಸೇರಿ, ಮುಂದಿನ ಶುದ್ಧೀಕರಣದಲ್ಲಿ ಅದರೊಂದಿಗೇ ಹೋಗುತ್ತದೆ. ಮೊದಲೇ ತನ್ನ ಫೋಲ್ಡರಿಗೆ ಉಳಿಸಿಕೊಂಡು ತಿದ್ದತೊಡಗಿದರೆ ಈ ನಷ್ಟವಿಲ್ಲ.

ಹಲವರು ಬಳಸುವ ಕಂಪ್ಯೂಟರುಗಳಲ್ಲಿ, ಮುಖ್ಯವಾಗಿ ಜೆರಾಕ್ಸ್ ಅಂಗಡಿ ಮತ್ತು ಸೈಬರ್ ಸೆಂಟರುಗಳಲ್ಲಿ, ಹೀಗೆ ಉಳಿದ ಪ್ರತಿಗಳು ಗೋಪ್ಯತೆಯ ಪ್ರಶ್ನೆಯನ್ನೂ ಎತ್ತುತ್ತವೆ: ಮುದ್ರಣಕ್ಕೆಂದು ಒಮ್ಮೆ ತೆರೆದ ಆಧಾರ್ ಕಾರ್ಡ್ ಅಥವಾ ಬ್ಯಾಂಕಿನ ವಿವರ, ತೆರೆದವರು ಎದ್ದುಹೋದ ಮೇಲೂ ಅಲ್ಲಿ ಇರಬಹುದು. ಸಾಮಾನ್ಯ ಹಾರ್ಡ್ ಡಿಸ್ಕಿನಲ್ಲಿ ಕಡತವನ್ನು ಅಳಿಸಿದಾಗ ಅದರ ಜಾಗ ಖಾಲಿಯೆಂದು ಗುರುತಾಗುತ್ತದೆಯೇ ಹೊರತು ಒಳಗಿನ ಮಾಹಿತಿ ಆ ಕ್ಷಣವೇ ನಾಶವಾಗದು; ಅದರ ಮೇಲೆ ಬೇರೇನಾದರೂ ಬರೆಯಲ್ಪಡುವವರೆಗೆ ಸೂಕ್ತ ಸಾಧನದಿಂದ ಮರಳಿ ಪಡೆಯಲು ಸಾಧ್ಯ. ಹಳೆಯ ಕಂಪ್ಯೂಟರನ್ನು ಮಾರುವವರಿಗೆ ಅಥವಾ ದಾನವಾಗಿ ಕೊಡುವವರಿಗೆ ಆದ್ದರಿಂದ ಟೆಂಪ್ ಫೋಲ್ಡರಿನ ಶುದ್ಧಿ ಸಾಲದು. ವಿಂಡೋಸಿನ ರೀಸೆಟ್ ಸೌಲಭ್ಯದಲ್ಲಿ ಎಲ್ಲವನ್ನೂ ತೆಗೆಯುವ ಆಯ್ಕೆಯ ಜೊತೆಗೆ ಡ್ರೈವನ್ನು ಪೂರ್ಣವಾಗಿ ಶುದ್ಧಗೊಳಿಸುವ ಆಯ್ಕೆಯೂ ಇದ್ದು, ಹೆಚ್ಚು ಹೊತ್ತು ಹಿಡಿಯುವುದಾದರೂ ಅದನ್ನೇ ಬಳಸಬೇಕಾಗುತ್ತದೆ.