ಹರಡಿದ ಥೈರಾಯ್ಡ್ ಕ್ಯಾನ್ಸರ್: ಚಿಕಿತ್ಸೆ, ಬದುಕುಳಿಯುವ ನಿರೀಕ್ಷೆ ಮತ್ತು ನೆರವು ಪಡೆಯುವ ವಿಧಾನ

(ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

ಥೈರಾಯ್ಡ್ ಗ್ರಂಥಿಯ ಕ್ಯಾನ್ಸರ್ ಶ್ವಾಸಕೋಶಕ್ಕೆ ಅಥವಾ ಮೂಳೆಗೆ ಹರಡಿದೆಯೆಂಬ ವರದಿ ಕೈಸೇರಿದ ಕೂಡಲೇ, ಇನ್ನು ಮಾಡತಕ್ಕದ್ದು ಏನೂ ಉಳಿದಿಲ್ಲವೆಂದು ಭಾವಿಸಿ ಚಿಕಿತ್ಸೆಯನ್ನೇ ಕೈಬಿಡುವ ಕುಟುಂಬಗಳುಂಟು. ಕಬ್ಬಿನ ಕಟಾವು ಮುಗಿಯಲಿ ಎಂದು ಮುಂದೂಡುವವರೂ ಉಂಟು. ಇತರ ಅಂಗಗಳ ಕ್ಯಾನ್ಸರನ್ನು ಕಂಡ ಅನುಭವದಿಂದ ಬಂದ ಈ ತೀರ್ಮಾನವು ಥೈರಾಯ್ಡ್ ವಿಷಯದಲ್ಲಿ ಬಹುಪಾಲು ತಪ್ಪಾಗಿರುತ್ತದೆ. ಇಲ್ಲಿ ರೋಗ ಹರಡಿದೆಯೇ ಎಂಬುದರಷ್ಟೇ, ಅದು ಯಾವ ವಿಧದ್ದು, ಹರಡಿದ ಗಂಟುಗಳು ಅಯೋಡಿನ್ ಹೀರುತ್ತವೆಯೇ ಎಂಬುದೂ ಮುಖ್ಯ.

ಈ ಕ್ಯಾನ್ಸರಿನಲ್ಲಿ ಪ್ಯಾಪಿಲರಿ, ಫಾಲಿಕ್ಯುಲರ್, ಮೆಡುಲರಿ ಮತ್ತು ಅನಾಪ್ಲಾಸ್ಟಿಕ್ ಎಂಬ ನಾಲ್ಕು ಮುಖ್ಯ ವಿಧಗಳಿವೆ. ಬಹುಪಾಲು ರೋಗಿಗಳಲ್ಲಿ ಕಂಡುಬರುವುದು ಪ್ಯಾಪಿಲರಿ. ಅಮೆರಿಕದ ಅಂಕಿಅಂಶಗಳ ಪ್ರಕಾರ ದೂರದ ಅಂಗಗಳಿಗೆ ಹರಡಿದ ನಂತರವೂ ಪ್ಯಾಪಿಲರಿ ವಿಧದಲ್ಲಿ ಸುಮಾರು ನಾಲ್ವರಲ್ಲಿ ಮೂವರು, ಫಾಲಿಕ್ಯುಲರ್ ವಿಧದಲ್ಲಿ ಸುಮಾರು ಮೂವರಲ್ಲಿ ಇಬ್ಬರು ಐದು ವರ್ಷಗಳನ್ನು ದಾಟುತ್ತಾರೆ. ಮೆಡುಲರಿ ವಿಧದಲ್ಲಿ ಈ ಪ್ರಮಾಣ ಅರ್ಧಕ್ಕಿಂತ ಕಡಿಮೆ. ಅನಾಪ್ಲಾಸ್ಟಿಕ್ ವಿಧದಲ್ಲಿ ನೂರಕ್ಕೆ ಐದರ ಆಸುಪಾಸು. ಇದರಲ್ಲಿ ವಾರಗಳ ವಿಳಂಬವೂ ಅಪಾಯಕಾರಿ. ಇವು ಸರಾಸರಿಗಳೇ ಹೊರತು ಒಬ್ಬ ರೋಗಿಯ ಆಯುಷ್ಯದ ಲೆಕ್ಕವಲ್ಲ. ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ಮಾತ್ರ ಹರಡಿರುವುದನ್ನು ದೂರದ ಹರಡುವಿಕೆಯೆಂದು ಎಣಿಸುವುದಿಲ್ಲ.

ವಯಸ್ಸಿಗೂ ಇಲ್ಲಿ ಮಹತ್ವವಿದೆ. 2018ರಿಂದ ಬಳಕೆಯಲ್ಲಿರುವ ಹಂತ ನಿರ್ಣಯದ ನಿಯಮದಂತೆ 55 ವರ್ಷದೊಳಗಿನವರಲ್ಲಿ ಪ್ಯಾಪಿಲರಿ ಅಥವಾ ಫಾಲಿಕ್ಯುಲರ್ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದ್ದರೂ ಅದನ್ನು ಎರಡನೇ ಹಂತವೆಂದೇ ಪರಿಗಣಿಸಲಾಗುತ್ತದೆ. ಆದುದರಿಂದ ಕೇಳಿದ ಮಾತಿನಿಂದ "ಕೊನೆಯ ಹಂತ" ಎಂದು ನಿರ್ಧರಿಸದೆ ವರದಿಯಲ್ಲಿ ನಮೂದಾಗಿರುವ ವಿಧವನ್ನೂ ಹಂತವನ್ನೂ ವೈದ್ಯರಿಂದ ಓದಿಸಿ ತಿಳಿದುಕೊಳ್ಳತಕ್ಕದ್ದು.

ವಿಕಿರಣಶೀಲ ಅಯೋಡಿನ್ ಚಿಕಿತ್ಸೆ

ದೇಹದಲ್ಲಿ ಅಯೋಡಿನನ್ನು ಹೆಚ್ಚಾಗಿ ಹೀರಿಕೊಳ್ಳುವುದು ಥೈರಾಯ್ಡ್ ಜೀವಕೋಶಗಳು. ಪ್ಯಾಪಿಲರಿ ಮತ್ತು ಫಾಲಿಕ್ಯುಲರ್ ಕ್ಯಾನ್ಸರಿನ ಜೀವಕೋಶಗಳು ಶ್ವಾಸಕೋಶದಲ್ಲಿ ನೆಲೆಸಿದ್ದರೂ ಅನೇಕ ವೇಳೆ ಈ ಗುಣವನ್ನು ಉಳಿಸಿಕೊಂಡಿರುತ್ತವೆ. ಆದುದರಿಂದ ಮೊದಲು ಶಸ್ತ್ರಚಿಕಿತ್ಸೆಯಿಂದ ಗ್ರಂಥಿಯನ್ನು ಪೂರ್ತಿ ತೆಗೆದು, ಬಳಿಕ ಅಯೋಡಿನ್-131 ಅನ್ನು ಬಾಯಿಯ ಮೂಲಕ ನೀಡಲಾಗುತ್ತದೆ. ಅದು ಗಂಟುಗಳನ್ನು ಸೇರಿ ಒಳಗಿನಿಂದಲೇ ನಾಶಪಡಿಸುತ್ತದೆ. ಮೆಡುಲರಿ ಮತ್ತು ಅನಾಪ್ಲಾಸ್ಟಿಕ್ ವಿಧಗಳಿಗೆ ಇದು ಉಪಯೋಗವಾಗುವುದಿಲ್ಲ.

2006ರಲ್ಲಿ ಪ್ರಕಟವಾದ, ಫ್ರಾನ್ಸಿನ 444 ರೋಗಿಗಳ ದೀರ್ಘಕಾಲದ ಅವಲೋಕನವು ಈ ಅಂಶವನ್ನು ಸ್ಪಷ್ಟಪಡಿಸುತ್ತದೆ. ಅಯೋಡಿನ್ ಹೀರಿ ಗಂಟುಗಳು ಸಂಪೂರ್ಣ ಮಾಯವಾದವರಲ್ಲಿ ಶೇ. 92ರಷ್ಟು ಜನರು ಹತ್ತು ವರ್ಷ ಬದುಕಿದ್ದರು. ಹೀರಿದರೂ ಗಂಟು ಉಳಿದವರಲ್ಲಿ ಇದು ಶೇ. 29, ಹೀರದೇ ಇದ್ದವರಲ್ಲಿ ಶೇ. 10. ಅವರೆಲ್ಲ ಇಂದಿನ ಹೊಸ ಔಷಧಗಳಿಗಿಂತ ಹಿಂದಿನವರು ಎಂಬುದನ್ನು ಗಮನದಲ್ಲಿಡಬೇಕು.

ಚಿಕಿತ್ಸೆಗೆ ಮುನ್ನ ಸಾಮಾನ್ಯವಾಗಿ ಮೂರು-ನಾಲ್ಕು ವಾರ ಥೈರಾಕ್ಸಿನ್ ಮಾತ್ರೆ ನಿಲ್ಲಿಸಿ, ಒಂದೆರಡು ವಾರ ಅಯೋಡಿನ್‌ಯುಕ್ತ ಉಪ್ಪು ಮತ್ತು ಸಮುದ್ರದ ಮೀನನ್ನು ಬಿಡಲು ಸೂಚಿಸಲಾಗುತ್ತದೆ. ಇದು ವೈದ್ಯರ ಸೂಚನೆಯಿಂದ ಮಾತ್ರ. ಉಳಿದಂತೆ ಸದರಿ ಮಾತ್ರೆಯನ್ನು ಜೀವನಪರ್ಯಂತ ಸೇವಿಸಬೇಕು. ಇತ್ತೀಚೆಗೆ ಔಷಧಿ ಚುಚ್ಚಿ ಸಿ.ಟಿ. ಸ್ಕ್ಯಾನ್ ಮಾಡಿಸಿದ್ದರೆ ತಪ್ಪದೇ ತಿಳಿಸಬೇಕು, ಏಕೆಂದರೆ ಆ ಔಷಧಿಯಲ್ಲಿಯೂ ಅಯೋಡಿನ್ ಇರುತ್ತದೆ. ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ ಈ ಚಿಕಿತ್ಸೆ ನೀಡುವುದಿಲ್ಲ. ಚಿಕಿತ್ಸೆಯ ನಂತರ ಮಹಿಳೆಯರು ಆರು ತಿಂಗಳಿಂದ ಒಂದು ವರ್ಷ ಗರ್ಭಧಾರಣೆ ತಪ್ಪಿಸಬೇಕು.

ಹೆಚ್ಚಿನ ಪ್ರಮಾಣ ನೀಡಿದಾಗ ರೋಗಿಯನ್ನು ಪ್ರತ್ಯೇಕ ಕೊಠಡಿಯಲ್ಲಿ ಇರಿಸಲಾಗುತ್ತದೆ. ಅಯೋಡಿನ್-131ರ ಶಕ್ತಿ ಪ್ರತಿ ಎಂಟು ದಿನಕ್ಕೆ ಅರ್ಧದಷ್ಟು ಇಳಿಯುತ್ತದೆ. ಮನೆಗೆ ಮರಳಿದ ಮೇಲೆ ವೈದ್ಯರು ತಿಳಿಸಿದಷ್ಟು ದಿನ ಬೇರೆ ಹಾಸಿಗೆ ಬಳಸಿ, ಮಕ್ಕಳು ಮತ್ತು ಗರ್ಭಿಣಿಯರಿಂದ ದೂರವಿರಬೇಕು. ಒಂದೇ ಕೋಣೆಯ ಮನೆಯಾದಲ್ಲಿ ಮೊದಲೇ ತಿಳಿಸುವುದು ಒಳಿತು. ಚಿಂಚಲಿ ಮಾಯಕ್ಕನ ಜಾತ್ರೆಯಂಥ ಜನಸಂದಣಿಗೆ ಆ ದಿನಗಳಲ್ಲಿ ಹೋಗತಕ್ಕದ್ದಲ್ಲ.

ಅಯೋಡಿನ್ ಹೀರದ ಗಂಟುಗಳಿಗೆ

ಅಯೋಡಿನ್ ಹೀರದ ಗಂಟುಗಳು ನಿಧಾನವಾಗಿ ಬೆಳೆಯುತ್ತಿದ್ದರೆ ಕೇವಲ ನಿಗಾ ಇಡುವುದೂ ಚಿಕಿತ್ಸೆಯ ಭಾಗವೇ. ವೇಗವಾಗಿ ಬೆಳೆದಲ್ಲಿ ಲೆನ್ವಾಟಿನಿಬ್, ಸೊರಾಫೆನಿಬ್ ಮಾತ್ರೆಗಳಿವೆ. ಇವು ರೋಗವನ್ನು ತಡೆಹಿಡಿಯುತ್ತವೆ, ಗುಣಪಡಿಸುವುದಿಲ್ಲ. ಅಧ್ಯಯನದಲ್ಲಿ ಲೆನ್ವಾಟಿನಿಬ್ ಪಡೆದವರಲ್ಲಿ ರೋಗ ಮುಂದುವರಿಯದ ಅವಧಿ 18.3 ತಿಂಗಳು, ಪಡೆಯದವರಲ್ಲಿ 3.6 ತಿಂಗಳು. ಸೊರಾಫೆನಿಬ್ ಒಮ್ಮೆ ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿಯಾಗಿತ್ತು. 2012ರಲ್ಲಿ ಭಾರತ ಸರ್ಕಾರದ ಪೇಟೆಂಟ್ ನಿಯಂತ್ರಕರು ನೀಡಿದ ಕಡ್ಡಾಯ ಪರವಾನಗಿಯಿಂದ ದೇಶೀಯ ಔಷಧಿ ಸುಮಾರು 8,800 ರೂಪಾಯಿಗೆ ದೊರೆಯುವಂತಾಯಿತು. ಮೆಡುಲರಿ ಕ್ಯಾನ್ಸರ್ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅನುವಂಶಿಕವಾಗಿ ಬರುವುದರಿಂದ ಅಂಥವರ ಒಡಹುಟ್ಟಿದವರು ಮತ್ತು ಮಕ್ಕಳಿಗೂ ಪರೀಕ್ಷೆ ಅವಶ್ಯಕ.

ನೆರವಿಗಾಗಿ

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ (2018) ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಲಭ್ಯವಿದೆ. ಇತರರಿಗೆ ಯೋಜನಾ ದರದ ಶೇ. 30ರಷ್ಟನ್ನು ಸರ್ಕಾರ ಭರಿಸುತ್ತದೆ. ಆಧಾರ್, ಪಡಿತರ ಚೀಟಿ ಮತ್ತು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಹೊಂದಿರಬೇಕು. ನಿಪ್ಪಾಣಿ ಮತ್ತು ಕಾಗವಾಡ ಮೊದಲು ಕ್ರಮವಾಗಿ ಚಿಕ್ಕೋಡಿ, ಅಥಣಿ ತಾಲ್ಲೂಕುಗಳಿಗೆ ಸೇರಿದ್ದವಾದುದರಿಂದ ಹಳೆಯ ದಾಖಲೆಗಳಲ್ಲಿ ತಾಲ್ಲೂಕಿನ ಹೆಸರು ಬೇರೆಯಾಗಿರಬಹುದು. ಅರ್ಜಿಗೆ ಮುನ್ನ ಪರಿಶೀಲಿಸಿಕೊಳ್ಳುವುದು ಸೂಕ್ತ.

ಗಡಿಭಾಗದವರು ಮಿರಜ, ಕೊಲ್ಹಾಪುರಗಳಿಗೆ ಹೋಗುವುದು ಸಹಜ. ಆದರೆ ಪರರಾಜ್ಯದ ಎಲ್ಲ ಆಸ್ಪತ್ರೆಗಳಲ್ಲಿಯೂ ಈ ಯೋಜನೆಯ ಲಾಭ ದೊರೆಯುವುದೆಂದು ಭಾವಿಸದೆ, ದಾಖಲಾಗುವ ಮೊದಲೇ ಅಲ್ಲಿನ ಆಯುಷ್ಮಾನ್ ಕೌಂಟರಿನಲ್ಲಿ ವಿಚಾರಿಸಬೇಕು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ಅಥವಾ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಗೆ ರಾಯಬಾಗ, ಕುಡಚಿ, ಚಿಕ್ಕೋಡಿ ರಸ್ತೆ ಮುಂತಾದ ನಿಲ್ದಾಣಗಳಿಂದ ರೈಲಿನಲ್ಲಿ ತೆರಳುವ ಕ್ಯಾನ್ಸರ್ ರೋಗಿಗೆ ಹಾಗೂ ಜೊತೆಗಿರುವ ಒಬ್ಬರಿಗೆ ಪ್ರಯಾಣ ದರದಲ್ಲಿ ರಿಯಾಯಿತಿ ಇದೆ. ಇದಕ್ಕೆ ಚಿಕಿತ್ಸೆ ನೀಡುವ ಆಸ್ಪತ್ರೆಯ ವೈದ್ಯರು ಸಹಿ ಮಾಡಿದ ನಿಗದಿತ ನಮೂನೆ ಬೇಕು. ಯೋಜನೆಯ ವಿವರಗಳಿಗೆ ಶುಲ್ಕರಹಿತ ದೂರವಾಣಿ: 14555.